ಡಬ್ಬಿಯೊಳಗಿನ ಹರಿಯಬ್ಬೆ

ಹಿರಿಯೂರಿನಲ್ಲಿದ್ದ ಆ ವರ್ಷಗಳಲ್ಲಿ ನನ್ನ ಕೆಲಸ ಬಾವಿ ನೀರಿನ ಅಳತೆಗಳನ್ನು ಗೆರೆಚಿತ್ರ ಮಾಡುವುದು. ಊರೂರು ತಿರುಗಿ ಅಳೆದು ತರುವವರು ಬೇರೆ. ನನಗೆ ಬರುತ್ತಿದ್ದದ್ದು ಬರೀ ಅಂಕಿ. ಆರ್ ಎಂಬ ತಂತ್ರಾಂಶಕ್ಕೆ ಅಂಕಿ ಕೊಟ್ಟರೆ ಚಿತ್ರ ಬರುತ್ತಿತ್ತು. ಆದರೆ ಊರಿನ ಹೆಸರನ್ನು ಕನ್ನಡದಲ್ಲಿ ಬರೆದರೆ ಅಕ್ಷರದ ಜಾಗದಲ್ಲಿ ಸಾಲಾಗಿ ಖಾಲಿ ಡಬ್ಬಿಗಳು. ಆಫೀಸಿನಲ್ಲಿ, "ಇಂಗ್ಲಿಷಲ್ಲಿ ಹಾಕಿ ಕೈ ತೊಳ್ಕಳ್ರಿ ಮೇಡಂ" ಅಂದರು. ನನಗೆ ರೇಗಿತು. ಬಾವಿ ಹಳ್ಳಿಯವರದು, ಓದಲು ಮಾತ್ರ ಅವರಿಗೆ ಬರಬಾರದೇ?

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದ ಓದುವವಳು ಒಬ್ಬಳೇ, ನಮ್ಮ ಮನೆಯೊಡತಿ ಅಜ್ಜಿ. ಸಾಕ್ಷರತಾ ಆಂದೋಲನದ ಕಾಲಕ್ಕೆ, ತಲೆ ನರೆತ ಮೇಲೆ ಅಕ್ಷರ ಕಲಿತಾಕೆ. ಬಸ್ಸಿನ ಬೋರ್ಡು, ಸೋಪಿನ ಕವರು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಆ ಊರಲ್ಲಿ ನನ್ನನ್ನು "ಉಂಡ್ಯೇನವ್ವ" ಎಂದು ಕೇಳುತ್ತಿದ್ದವಳೂ ಆಕೆಯೊಬ್ಬಳೇ. ಉಳಿದಂತೆ ನನಗೂ ಗೋಡೆಗೂ ಸಂಸಾರ.

ಆಕೆಯ ತವರು ಹರಿಯಬ್ಬೆ. ಅಣ್ಣ ತೀರಿಕೊಂಡ ಮೇಲೆ ಕರೆಯುವವರಿರಲಿಲ್ಲ; ಕರೆಯದೆ ಹೋಗುವ ಹೆಣ್ಣಲ್ಲ. ಆ ಕಡೆಯಿಂದ ಯಾರೇ ಬರಲಿ, "ನಮ್ಮ ಬಾವಿ ಹೆಂಗೈತೆ?" ಎನ್ನುವಳು. "ತುಂಬೈತೆ ಬಿಡವ್ವ" ಎಂದೇ ಎಲ್ಲರ ಉತ್ತರ. ಹೆಣ್ಣುಮಗಳಿಗೆ ತವರಿನ ಕೆಟ್ಟ ಸುದ್ದಿ ಹೊತ್ತು ತರುವವರು ನಮ್ಮ ಕಡೆ ಕಡಿಮೆ. ಆ ತವರಿನ ಹೆಸರನ್ನು ಆಕೆ ನನ್ನ ಚಿತ್ರದಲ್ಲಿ ಓದಬೇಕು, ಭೇಷ್ ಅನ್ನಬೇಕು, ಅಷ್ಟೇ ನನ್ನ ಆಸೆ. ಮೊದಲ ಸಲ ತೋರಿಸಿದಾಗ ನಕ್ಕುಬಿಟ್ಟಳು. "ಇದೇನವ್ವ, ಬೆಂಕಿಪೊಟ್ಟಣ ಜೋಡಿಸಿದಂಗೈತೆ!"

ಕನ್ನಡ ಅಕ್ಷರದ ಫಾಂಟ್ ಕಂಪ್ಯೂಟರಿನಲ್ಲಿದ್ದರೆ ಸಾಲದು, ಹೆಸರು ಹೇಳಿ ಅದನ್ನು ಆರ್‌ಗೆ ಪರಿಚಯ ಮಾಡಿಸಬೇಕು ಎಂದು ತಿಳಿಯುವಷ್ಟರಲ್ಲಿ ಬೇಸಿಗೆ ಬಂತು. ಆ ಊರಲ್ಲಿ ನಾನಿದ್ದ ಹಾಗೆ, ಇದ್ದೂ ಇಲ್ಲದಂತಿತ್ತು ಆ ಫಾಂಟ್. ಪರಿಚಯವಾದ ಮೇಲೆ ಪರದೆಯಲ್ಲಿ ಅಕ್ಷರ ಮೂಡಿದವು. ಪ್ರಿಂಟಿಗೆಂದು ಪಿಡಿಎಫ್ ಮಾಡಿದರೆ ಮತ್ತೆ ಡಬ್ಬಿ! ಪಿಡಿಎಫ್ ಮಾಡುವ ದಾರಿಯನ್ನೇ ಬದಲಿಸಿದೆ. ಒಂದು ರಜಾದಿನ ಒತ್ತಕ್ಷರ ಸಮೇತ ಹರಿಯಬ್ಬೆ ಹಾಳೆಯ ಮೇಲೆ ಬಂದು ಕೂತಿತು. ಕುಣಿಯುವಷ್ಟು ಖುಷಿ, ಹೇಳಿಕೊಳ್ಳಲು ಆಫೀಸಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹಾಳೆ ಹಿಡಿದು ಮನೆಗೆ ಓಡಿದೆ.

ಅಜ್ಜಿ ಹಾಳೆಯನ್ನು ಬೆಳಕಿಗೆ ಹಿಡಿದಳು. "ಹ... ರಿ... ಯ... ಬ್ಬೆ. ನಮ್ಮೂರು!"

ನಾನು ಹೊಗಳಿಕೆಗೆ ಕಾದು ನಿಂತೆ. ಆಕೆಯ ಬೆರಳು ಹೆಸರಿನಿಂದ ಗೆರೆಗೆ ಬಂತು, ಗೆರೆಯ ಜೊತೆಗೇ ಕೆಳಗಿಳಿಯಿತು, ಅದು ಮುಗಿದಲ್ಲಿ ನಿಂತಿತು. ಅಲ್ಲಿ ನಾನೇ ಹಾಕಿದ್ದ ಎರಡು ಪದ. ಅವನ್ನೂ ಗಟ್ಟಿಯಾಗಿಯೇ ಓದಿದಳು. "ಬಾವಿ ಬತ್ತಿದೆ."

ಇಷ್ಟು ದಿನ ಆ ಪದಗಳಲ್ಲಿ ನಾನು ನೋಡಿದ್ದು ಅಕ್ಷರ ಮಾತ್ರ.

"ಎಲ್ರೂ ತುಂಬೈತೆ ಅಂದ್ರಲ್ಲವ್ವ," ಎಂದಳು. ಆಮೇಲೆ ಹಾಳೆಯನ್ನು ನನ್ನ ಕೈಗಿಟ್ಟು, "ಆ ಬೆಂಕಿಪೊಟ್ಟಣಗಳೇ ಚೆನ್ನಾಗಿದ್ವು ಕಣವ್ವ," ಎಂದು ಒಳಗೆ ಹೋದಳು. ಅವತ್ತು ರಾತ್ರಿ ನನ್ನನ್ನು ಉಂಡೆಯಾ ಎಂದು ಯಾರೂ ಕೇಳಲಿಲ್ಲ.