ಎಡಗಿವಿ, ಬಲಗಿವಿ

ಅಪ್ಪ ಗೋಡೆಗೆ ಎಸೆದ ಫೋನು ಮೊದಲ ಏಟಿಗೆ ಒಡೆಯಲಿಲ್ಲ. ಎತ್ತಿಕೊಂಡು ಒರಳುಕಲ್ಲಿಗೆ ಕುಕ್ಕಿದ. ಗಾಜು ಪುಡಿಪುಡಿಯಾಯಿತು. ಅದೇ ಕೈಯಿಂದ ನನ್ನ ತಂಗಿಯ ಕೆನ್ನೆಗೆ ಬಾರಿಸಿದ. ಇನ್ನೊಂದು ಕೈ ಮಣಿಕಟ್ಟಿನಲ್ಲಿ ಮುರಿದು ಟವೆಲ್ಲಿನೊಳಗೆ ಜೋತಾಡುತ್ತಿತ್ತು. ಆಸ್ಪತ್ರೆಗೆ ಹೋಗೋಣವೆಂದರೂ ಕೇಳದೆ ನೆಟ್ಟಗೆ ಮನೆಗೆ ಬಂದಿದ್ದ.

"ನಾಳಿಂದ ಕಾಲೇಜು ಬಂದ್. ಓದಿದ್ದು ಸಾಕು, ಕುರಿ ಕಾಯ್ಲಿ," ಎಂದ.

ತಂಗಿ ರಾಯದುರ್ಗದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಮಡಕಶಿರಾದ ಕಡೆಗೆ ಮದುವೆಯಾಗಿದ್ದ ನಾನು ಆಗ ತವರಿಗೆ ಬಂದಿದ್ದೆ. ಕುರಿಯ ಫೋಟೊ ನೋಡಿ ಯಾರದೆಂದು ಬಾಯಿಬಿಟ್ಟು ಹೇಳುವ ಆ್ಯಪ್ ಒಂದನ್ನು ಅವಳು ಮಾಡಿದ್ದಳು. ಒಂದು ಸಾಲೂ ಕೋಡ್ ಬರೆದಿರಲಿಲ್ಲ. ಹಿಂಗ ಬೇಕು, ಹಂಗ ಬೇಕು ಅಂತ ಎಐಗೆ ಕನ್ನಡದಲ್ಲೇ ಹೇಳಿದ್ದಳು, ಅದು ಬರೆದುಕೊಟ್ಟಿತ್ತು. ಕಾಲೇಜಿನಲ್ಲಿ ಮೇಷ್ಟ್ರುಗಳೆಲ್ಲ ಚಪ್ಪಾಳೆ ತಟ್ಟಿದರಂತೆ. ಒಳಗೆ ಏನಿದೆಯಮ್ಮಾ ಎಂದು ಕೇಳಲು ಒಬ್ಬರಿಗೂ ಬಾಯಿರಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅಪ್ಪ, ಚಿಕ್ಕಪ್ಪ ಭಾಗವಾದಾಗ ನಮ್ಮ ಕುರಿಗಳಿಗೆ ಬಲಗಿವಿಯ ತುದಿ ಕತ್ತರಿಸಿದ್ದರು, ಅವರವಕ್ಕೆ ಎಡಗಿವಿಯದು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಕುರಿಯನ್ನು ಹಿಂದಿನಿಂದ ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಕಿವಿಯ ಮೇಲೆ ಬೆರಳಾಡಿಸಿ ಗುರುತು ಹಿಡಿಯುತ್ತಿದ್ದ. ತಂಗಿ ಅವನ ಬೆನ್ನ ಹಿಂದೆ ನಿಂತು, ಭುಜದ ಮೇಲಿಂದಲೇ ಫೋಟೊ ತೆಗೆದು ಆ್ಯಪಿಗೆ ಕಲಿಸಿ, ಅದನ್ನು ಅಪ್ಪನ ಫೋನಿಗೆ ಹಾಕಿಕೊಟ್ಟಿದ್ದಳು.

ಅವತ್ತು ಭೈರವಾನಿತಿಪ್ಪ ಜಲಾಶಯದ ದಂಡೆಯಲ್ಲಿ ನೀರು ಕುಡಿಯುವಾಗ ಎರಡೂ ಹಿಂಡು ಬೆರೆತವು. ಬೇರೆ ಮಾಡಿದಾಗ ನಮ್ಮದೊಂದು ಕುರಿ ಕಡಿಮೆ. ಅಪ್ಪ ಚಿಕ್ಕಪ್ಪನ ಹಿಂಡಿನ ಒಂದು ಕುರಿಯ ಎದುರಿಗೆ ನಿಂತು ಫೋಟೊ ತೆಗೆದ. "ಇದು ನಿಮ್ಮ ಕುರಿ," ಎಂದಿತು ಫೋನು. ಕಿವಿ ಮುಟ್ಟಿ ನೋಡಣ್ಣಾ ಎಂದು ಚಿಕ್ಕಪ್ಪ ನಕ್ಕನಂತೆ.

"ನನ್ನ ಮಗಳು ಓದಿ ಮಾಡಿದ್ದು ಸುಳ್ಳು ಹೇಳ್ತೈತೇನಲೇ ಕಳ್ಳ," ಎಂದು ಅಪ್ಪ ಕೋಲು ಬೀಸಿದ. ಚಿಕ್ಕಪ್ಪನ ನೆತ್ತಿ ಸೀಳಿ ರಕ್ತ ಕಣ್ಣಿಗಿಳಿಯಿತು. ಕಣ್ಣು ಕಾಣದೆಯೇ ಅವನೂ ತಿರುಗಿಸಿ ಬೀಸಿದ. ಅಪ್ಪನ ಮಣಿಕಟ್ಟು ಲಟಕ್ಕೆಂದಿತು. ಕಾಣೆಯಾಗಿದ್ದ ನಮ್ಮ ಕುರಿ ಸಂಜೆ ತಾನಾಗಿಯೇ ರೊಪ್ಪಕ್ಕೆ ಬಂತು. ಅದನ್ನು ಕಂಡ ಮೇಲೆಯೇ ಅಪ್ಪ ಫೋನು ಒಡೆದದ್ದು.

ತಂಗಿಗೆ ಎರಡನೇ ಏಟು ಕೊಡಲು ಅಪ್ಪ ಎತ್ತಿದ ಕೈಯನ್ನು ನಾನು ಹಿಡಿದುಕೊಂಡೆ. "ಇನ್ನೊಂದು ಬಿದ್ರ ನಾನೂ ಕೈ ಎತ್ತತೀನಿ ನೋಡಪ್ಪ," ಎಂದೆ. ಎತ್ತುತ್ತಿದ್ದೆ ಕೂಡ.

ತಂಗಿ ತುಟಿಯ ರಕ್ತ ಒರೆಸಿಕೊಂಡು ರೊಪ್ಪಕ್ಕೆ ಹೋದಳು. ಆ ಕುರಿಯನ್ನೇ ಅಪ್ಪನ ಹಾಗೆ ಹಿಂದಿನಿಂದ ಹಿಡಿದು ನೋಡಿದಳು. ಬಿಟ್ಟು, ಅದರ ಮುಂದೆ ಬಂದು ನಿಂತಳು. ಕತ್ತರಿಸಿದ ಕಿವಿಯ ಮೇಲೆ ಬೆರಳಿಟ್ಟಳು.

"ಅಕ್ಕಾ, ಹಿಂದಿಂದ ಬಲಕ್ಕ ಕಾಣೋ ಕಿವಿ ಮುಂದಿಂದ ಎಡಕ್ಕ ಕಾಣತೈತಿ. ಚಿಗಪ್ಪನ ಕುರಿ ಎಡಗಿವಿ ಅಪ್ಪನ ಫೋಟೊದಾಗ ಬಲಕ್ಕ ಬಿದ್ದಿರತೈತಿ. ಇದನ್ನ ನಾ ಅದಕ್ಕ ಹೇಳೇ ಇಲ್ಲ. ಅದು ಏನಂತ ತಿಳಕೊಂಡೈತೋ, ಒಳಗ ಓದಿ ನೋಡಾಕ ನನಗ ಬರಂಗಿಲ್ಲ."

ಮರುದಿನ ಬೆಳಿಗ್ಗೆ ಅವಳು ಚಿಕ್ಕಪ್ಪನ ಮನೆಗೆ ನಡೆದಳು, ಹಿಂದೆ ನಾನು. ಚಿಕ್ಕಪ್ಪ ತಲೆಗೆ ಹೊಲಿಗೆ ಹಾಕಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಚಿಕ್ಕಮ್ಮ ತಂಗಿಯ ಜಡೆ ಹಿಡಿದು ಬೆನ್ನಿಗೆ ದಬದಬ ಗುದ್ದಿದಳು. ತಂಗಿ ಬಿಡಿಸಿಕೊಳ್ಳಲಿಲ್ಲ, ನನಗೂ ಬರಬೇಡವೆಂದು ಕೈಸನ್ನೆ ಮಾಡಿದಳು. ಗುದ್ದುಗಳ ನಡುವೆಯೇ ಎಡಗಿವಿ, ಬಲಗಿವಿ ಎಲ್ಲವನ್ನೂ ಹೇಳಿ, "ತಪ್ಪು ಅಪ್ಪಂದಲ್ಲ ಚಿಗಪ್ಪಾ, ನಂದು," ಎಂದಳು.

ಅಷ್ಟರಲ್ಲಿ "ಕಾಲೇಜೂ ಬಂದ್, ತಿರುಗೋದೂ ಬಂದ್," ಎನ್ನುತ್ತ ಅವಳನ್ನು ಎಳೆದೊಯ್ಯಲು ಅಪ್ಪ ಬಂದ, ಕೈಗೆ ಪ್ಲಾಸ್ಟರ್. ಬಾಗಿಲಲ್ಲಿ ನಿಂತವನು ತಮ್ಮನ ಮುಖ ನೋಡಲಿಲ್ಲ.

ಚಿಕ್ಕಪ್ಪ ತಲೆಯ ಪಟ್ಟಿ ಮುಟ್ಟಿಕೊಂಡ. "ಅಣ್ಣಾ, ಇಕಿನ್ನ ಕಾಲೇಜ್ ಬಿಡಸಬ್ಯಾಡ. ಅರ್ಧ ಕಲ್ತಾಕಿ ಮನ್ಯಾಗ ಕುಂತ್ರ ಇನ್ನೊಬ್ಬನ ತಲಿ ಒಡಿತೈತಿ. ಪೂರಾ ಕಲೀಲಿ," ಎಂದ.

ಅಪ್ಪ ಬಂದು ಕಟ್ಟೆಯ ತುದಿಗೆ ಕೂತ. ಚಿಕ್ಕಮ್ಮ ಜಡೆ ಬಿಟ್ಟಳು.