ದೊಡ್ಡಪ್ಪನನ್ನು ಬೆಳಕಿನಲ್ಲಿ ನೋಡಿದ್ದು

ನಮ್ಮ ದೊಡ್ಡಪ್ಪ ಕೋಟು ಹೊಲಿಯುವ ದರ್ಜಿ. ಕುತ್ತಿಗೆಯಿಂದ ಅಳತೆಪಟ್ಟಿ ಇಳಿದದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಬೀದಿಯವರಿಗೆಲ್ಲ ಅವರು ‘ಇಂಚುಪಟ್ಟಿ’. ಅಂಗಡಿಯ ಹಿಂಭಾಗದಲ್ಲಿ ಪರದೆ ಕಟ್ಟಿದ ಮೂಲೆ, ಅದರೊಳಗೆ ಆಳೆತ್ತರದ ಕನ್ನಡಿ. ಆ ಕನ್ನಡಿಯ ಮುಂದೆ ನಿಂತ ಗಂಡಸಿನಷ್ಟು ಸುಳ್ಳು ಹೇಳುವ ಪ್ರಾಣಿ ಇನ್ನೊಂದಿಲ್ಲ ಎನ್ನುತ್ತಿದ್ದರು ದೊಡ್ಡಪ್ಪ. ಪಟ್ಟಿ ಸೊಂಟಕ್ಕೆ ಬಂದ ಕೂಡಲೇ ಹೊಟ್ಟೆ ಒಳಗೆ ಹೋಗುತ್ತದೆ, ಎದೆಗೆ ಬಂದ ಕೂಡಲೇ ಉಬ್ಬುತ್ತದೆ. ಮದುವೆ ಗೊತ್ತಾದವನು ಭುಜಕ್ಕೆ ಹತ್ತಿ ತುಂಬಲು ಹೇಳುತ್ತಾನೆ, ಐವತ್ತು ದಾಟಿದವನು ಪ್ಯಾಂಟು ಬಿಗಿಯಾಗಿರಲಿ ಎನ್ನುತ್ತಾನೆ. ಮಾಂಸದಲ್ಲಿ ಇಲ್ಲದ್ದನ್ನೆಲ್ಲ ಬಟ್ಟೆಯಲ್ಲಿ ತುಂಬಿಸಿಕೊಡುವುದು ದೊಡ್ಡಪ್ಪನ ಕಸುಬು. ಅದರಲ್ಲಿ ಅವರದು ಎತ್ತಿದ ಕೈ.

ಇಷ್ಟೆಲ್ಲ ಗಂಡಸರ ಮೈ ಬಲ್ಲ ಮನುಷ್ಯನಿಗೆ ಸ್ವಂತ ಹೆಂಡತಿಯ ಅಳತೆ ಗೊತ್ತಿರಲಿಲ್ಲ. ದೊಡ್ಡಮ್ಮ ತನ್ನ ಬಟ್ಟೆಗಳನ್ನು ಎದುರು ಬೀದಿಯ ಹೆಂಗಸೊಬ್ಬಳ ಹತ್ತಿರ ಹೊಲಿಸಿಕೊಳ್ಳುತ್ತಿದ್ದಳು. ಕೇಳಿದರೆ, “ಥೂ, ಗಂಡನ ಕೈಲಿ ಅಳತೆ ತೆಗೆಸ್ಕೊಳ್ಳೋದಾ?” ಎಂದು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದಳು. ಗಂಡನಲ್ಲದವರ ಕೈಲಿ ತೆಗೆಸಿಕೊಂಡರೆ ಪರವಾಗಿಲ್ಲವೇ ಎಂದು ನಾನು ಕೇಳಿದಾಗ ಸೌಟು ತೋರಿಸಿದಳು. ಮದುವೆಗೆ ಮುಂಚೆ ಅವಳ ತಾಯಿ ದಾಂಪತ್ಯದ ಸಕಲ ವಿದ್ಯೆಯನ್ನೂ ಒಂದೇ ಉಸಿರಿಗೆ ಕಲಿಸಿದ್ದಳಂತೆ: “ಕಣ್ಣು ಮುಚ್ಕೋ, ತಾನಾಗೇ ಮುಗಿಯುತ್ತೆ.” ದೊಡ್ಡಪ್ಪನಿಗೆ ಅವರ ಅಣ್ಣ ಕೊಟ್ಟ ಉಪದೇಶ ಇನ್ನೂ ಚಿಕ್ಕದು: “ಮೊದ್ಲು ಲೈಟ್ ಆರ್ಸು.” ಇಬ್ಬರೂ ಹೇಳಿದ ಮಾತು ಕೇಳುವ ಮಕ್ಕಳು. ಒಬ್ಬರು ಲೈಟು ಆರಿಸಿದರು, ಇನ್ನೊಬ್ಬರು ಕಣ್ಣು ಮುಚ್ಚಿದರು. ಈ ಏರ್ಪಾಟಿನಲ್ಲೇ ಒಬ್ಬ ಮಗನೂ ಹುಟ್ಟಿ, ಬೆಳೆದು, ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿ, ಅಪ್ಪನಿಗೆ ಬುದ್ಧಿ ಹೇಳುವ ಮಟ್ಟಕ್ಕೆ ಬಂದ.

ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಕೋಟು ಹೊಲಿಸುವವರು ಕಡಿಮೆಯಾದರು. ದೊಡ್ಡಪ್ಪನಿಗೆ ಉಳಿದದ್ದು ಜಿಪ್ಪು ಬದಲಿಸುವುದು, ಅಂಚು ಮಡಚುವುದು. ಅಂಥ ಒಂದು ಮಧ್ಯಾಹ್ನ ಚಿತ್ರಕಲಾ ಶಾಲೆಯ ಟೀಚರಮ್ಮ ಒಬ್ಬರು ಅಂಗಡಿಗೆ ಬಂದರು. ಕತ್ತರಿಸಿದ ಬಿಳಿ ಕೂದಲು, ಉಗುರಿನ ಸಂದಿಯಲ್ಲೆಲ್ಲ ಇದ್ದಿಲು.

“ಒಬ್ಬರಿಗೆ ಚಡ್ಡಿ ಹೊಲೀಬೇಕು. ಅವರು ಇಲ್ಲಿಗೆ ಬರೋ ಹಾಗಿಲ್ಲ, ನೀವೇ ಬರ್ಬೇಕು,” ಎಂದರು.

“ಕಾಯಿಲೆಯವರಾ?”

“ಇಲ್ಲ. ಪ್ಲಾಸ್ಟರಿನವರು.”

ಶಾಲೆಯ ಹಜಾರದಲ್ಲಿ ಆಳಿಗಿಂತ ಎತ್ತರದ ಪ್ಲಾಸ್ಟರ್ ತರುಣನೊಬ್ಬ ಹುಟ್ಟುಡುಗೆಯಲ್ಲಿ ನಿಂತಿದ್ದ. ಕಾಲೇಜು ವಯಸ್ಸಿನ ಮಕ್ಕಳು ಅವನನ್ನು ನೋಡಿ ಸ್ನಾಯು ಬರೆಯಲು ಕಲಿಯುತ್ತಿದ್ದರು. ವಾರ್ಷಿಕೋತ್ಸವಕ್ಕೆ ದೊಡ್ಡ ಮನುಷ್ಯರೊಬ್ಬರು ಬರುತ್ತಾರೆಂದು ಪ್ರಿನ್ಸಿಪಾಲರಿಗೆ ನಡುಕ ಹತ್ತಿತ್ತು. ದೊಡ್ಡಪ್ಪ ಸ್ಟೂಲಿನ ಮೇಲೆ ನಿಂತು ಭಕ್ತಿಯಿಂದ ಅಳತೆ ತೆಗೆದರು. ಈ ಒಬ್ಬ ಗಿರಾಕಿ ಮಾತ್ರ ಹೊಟ್ಟೆ ಒಳಗೆಳೆಯಲಿಲ್ಲ. ಟೀಚರ್ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು: “ಒಂದು ಕಾಲದ ಜನ ಇಂಥವರನ್ನ ನಡುಬೀದೀಲಿ ನಿಲ್ಲಿಸಿ, ಕಾಲ ಬುಡದಲ್ಲೇ ತರಕಾರಿ ಮಾರ್ತಿದ್ರು. ಯಾರೂ ತಿರುಗಿ ನೋಡ್ತಿರ್ಲಿಲ್ಲ. ಆಮೇಲೆ ಬಂದವರಿಗೆ ನಾಚಿಕೆ ಆಯ್ತು, ಎಲೆ ಅಂಟಿಸಿದ್ರು. ಅವರ ಮೊಮ್ಮಕ್ಕಳು ಎಲೆ ಕಿತ್ತು, ಮ್ಯೂಸಿಯಂ ಒಳಗಿಟ್ಟು, ಟಿಕೆಟ್ ಇಟ್ರು. ಈಗ ನಾವು ಚಡ್ಡಿ ಹಾಕ್ತಿದೀವಿ. ಮನುಷ್ಯ ಮಾತ್ರ ಅವನೇ. ನೋಡೋರ ಕಣ್ಣಿಗೇ ಆಗಾಗ ಜ್ವರ ಬರೋದು.”

ಚಡ್ಡಿ ಅಚ್ಚುಕಟ್ಟಾಗಿ ಬಂತು, ನೀಲಿ ಬಣ್ಣದ್ದು. ಅದನ್ನು ತೊಡಿಸಿದ ಮೇಲೆ ಅನಾಹುತವಾಯಿತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ನಿಂತಿದ್ದವನು ಈಗ ಸ್ನಾನಕ್ಕೆ ಹೊರಟ ಎದುರುಮನೆಯವನಂತೆ ಕಂಡ. ಹುಡುಗಿಯರು ಕಿಸಕ್ಕೆಂದರು. ಹುಡುಗರು ಎಲಾಸ್ಟಿಕ್ ಎಳೆದು ಬಿಟ್ಟರು. ಬಂದ ದೊಡ್ಡ ಮನುಷ್ಯರು ಭಾಷಣದುದ್ದಕ್ಕೂ ಬೇರೆಲ್ಲೂ ನೋಡಲಿಲ್ಲ.

ಅದಾದ ಮೇಲೆ ಟೀಚರ್ ಅಂಗಡಿಗೆ ಬಂದು ಕೂರುವುದು, ದೊಡ್ಡಪ್ಪ ಶಾಲೆಯ ಪರದೆ, ಏಪ್ರನ್ ಹೊಲಿದುಕೊಡುವುದು ನಡೆಯಿತು. ಒಂದು ದಿನ ಅವರು ದೊಡ್ಡಪ್ಪನ ಕೊರಳ ಮೂಳೆಯನ್ನೇ ದಿಟ್ಟಿಸಿ, “ನೀವು ನಮ್ಮ ಕ್ಲಾಸಿಗೆ ಕೂರ್ತೀರಾ? ಬಟ್ಟೆ ಇಲ್ದೆ,” ಎಂದು ನೇರ ಕೇಳಿಬಿಟ್ಟರು. ವಯಸ್ಸಾದ ಮೈ ಬರೆಯಲು ಮಕ್ಕಳಿಗೆ ಯಾರೂ ಸಿಗುತ್ತಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕತ್ತರಿ ಎತ್ತುತ್ತಿದ್ದರು. ದೊಡ್ಡಪ್ಪ ಎತ್ತಲಿಲ್ಲ. ಯಾಕೆಂದು ಆಮೇಲೆ ನನಗೆ ಹೇಳಿದ್ದು ಇಷ್ಟು: “ಮನೇಲಿ ನಾನು ಸೋಫಾದಲ್ಲಿ ಕೂತಿದ್ರೆ, ಕಸ ಗುಡಿಸೋಳು ಕಾಲು ಎತ್ತಿ ಅಂತಾಳೆ ಹೊರತು ಮುಖ ನೋಡಲ್ಲ. ಇವ್ರು ಹದಿನೈದು ಜನ ಗಂಟೆಗಟ್ಲೆ ನನ್ನೇ ನೋಡ್ತೀವಿ ಅಂದ್ರು. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ ಕಣೇ.”

ಮೊದಲ ದಿನ ಮರೆಯಲ್ಲಿ ಬಟ್ಟೆ ಬಿಚ್ಚಿ, ಶರ್ಟನ್ನು ಮಡಚಿ, ಪ್ಯಾಂಟಿನ ಗೆರೆ ಸರಿಮಾಡಿ ಹ್ಯಾಂಗರಿಗೆ ಹಾಕಿ, ವೇದಿಕೆ ಹತ್ತಿದರಂತೆ. ಹತ್ತಿದ ಮೇಲೆ ನೆನಪಾಯಿತು, ಅಳತೆಪಟ್ಟಿ ಇನ್ನೂ ಕುತ್ತಿಗೆಯಲ್ಲೇ ಇದೆ. ತೆಗೆಯಲು ಕೈ ಎತ್ತಿದರೆ, “ಇರ್ಲಿ ಬಿಡಿ, ಚೆನ್ನಾಗಿದೆ,” ಎಂದರು ಟೀಚರ್. ಒಬ್ಬ ಹುಡುಗಿ ಪೆನ್ಸಿಲನ್ನು ಗಾಳಿಯಲ್ಲಿ ಹಿಡಿದು ಒಂದು ಕಣ್ಣು ಮುಚ್ಚಿ ಅವರ ಅಳತೆ ತೆಗೆದಳು. ದೊಡ್ಡಪ್ಪ ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದರು. “ತಾತ, ಉಸಿರು ಬಿಡಿ, ಇಲ್ಲಾಂದ್ರೆ ಸುಸ್ತಾಗ್ತೀರ,” ಎಂದಳು ಆ ಹುಡುಗಿ. ಬಿಟ್ಟರು. ಅಷ್ಟು ಹಗುರ ಯಾವತ್ತೂ ಅನ್ನಿಸಿರಲಿಲ್ಲವಂತೆ.

ಮನೆಯಲ್ಲಿ ಹೇಳಿದ್ದು ಮಾತ್ರ, “ಶಾಲೇಲಿ ಹೊಲಿಗೆ ಕೆಲಸ ಇದೆ.”

ಟೀಚರೇ ಒಂದು ದೊಡ್ಡ ಚಿತ್ರ ಬರೆದರು. ಅದು ಪ್ರದರ್ಶನಕ್ಕೆ ಹೋಯಿತು, ಬಹುಮಾನ ಬಂತು, ಪತ್ರಿಕೆಯಲ್ಲಿ ಅಚ್ಚಾಯಿತು. ಪತ್ರಿಕೆಯವರು ಮರ್ಯಾದಸ್ಥರು, ಎದೆಯವರೆಗೆ ಕತ್ತರಿಸಿ ಹಾಕಿದ್ದರು. ಅದನ್ನು ನೋಡಿದ ದೊಡ್ಡಪ್ಪನ ಮಗ ಉಬ್ಬಿಹೋದ. ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದ, ನೆಂಟರಿಗೆಲ್ಲ ಫೋನಿನಲ್ಲಿ ಕಳಿಸಿದ. “ನಮ್ಮ ತಂದೆಯವರ ಭಾವಚಿತ್ರಕ್ಕೆ ಪ್ರಶಸ್ತಿ” ಎಂದು ಕೆಳಗೆ ಬರೆದೂ ಇದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದ. ಭಾನುವಾರ ತನ್ನ ಮೇಲಧಿಕಾರಿ ದಂಪತಿಯನ್ನೂ ಮಾವನನ್ನೂ ಕರೆದುಕೊಂಡು ಚಿತ್ರ ನೋಡಲು ಹೊರಟ. ಈ ಮಾವ, ಅಂದರೆ ನಮ್ಮ ಬೀಗರು, ಯುವಕರಿಗೆ ಶೀಲದ ಬಗ್ಗೆ ಉಪನ್ಯಾಸ ಕೊಡುವವರು. ದೃಷ್ಟಿ ನೆಲದ ಮೇಲಿರಬೇಕು ಎಂಬುದು ಅವರ ಮೆಚ್ಚಿನ ಮಾತು. ಭಾಷಣದ ಹೊತ್ತಿಗೆ ಮುಂದಿನ ಸಾಲಿನ ಹುಡುಗಿಯರ ಕಾಲುಗಳೂ ನೆಲದ ಮೇಲೇ ಇರುತ್ತಿದ್ದವು.

ಶಾಲೆಯ ಗ್ಯಾಲರಿಯ ಬಾಗಿಲಿಗೆ ಎದುರಾಗಿಯೇ ಚಿತ್ರ. ದೊಡ್ಡಪ್ಪ ಕುರ್ಚಿಯ ಅಂಚಿನಲ್ಲಿ ಕೂತಿದ್ದಾರೆ, ಕಾಲುಗಳನ್ನು ಬೇಕಾದಷ್ಟು ಅಗಲಿಸಿದ್ದಾರೆ, ಮೈಮೇಲೆ ಕಿಟಕಿಯ ಬೆಳಕು, ಕುತ್ತಿಗೆಯಲ್ಲಿ ಅಳತೆಪಟ್ಟಿ. ಪಟ್ಟಿ ಮುಚ್ಚಬೇಕಾದ್ದನ್ನು ಮುಚ್ಚುವಷ್ಟು ಉದ್ದವೇನೂ ಇರಲಿಲ್ಲ. ಮೇಲಧಿಕಾರಿಯ ಹೆಂಡತಿ ಮಾತ್ರ ಹತ್ತಿರ ಹೋಗಿ ನೋಡಿ, “ತುಂಬಾ ಹೋಲ್ತಾರೆ ನಿಮ್ಮನ್ನ,” ಎಂದರಂತೆ. ಮಗ ಇಂಗು ತಿಂದ ಮಂಗನಂತೆ ನಿಂತ.

ಸಂಜೆ ಮನೆಯ ಹಾಲಿನಲ್ಲಿ ವಿಚಾರಣೆ. ಕಾಲೇಜಿಗೆ ಹೋಗಲು ಆ ಮನೆಯಲ್ಲೇ ಇದ್ದ ನನಗೆ ಟೀ ಹಿಡಿದು ನಿಲ್ಲುವ ಭಾಗ್ಯ.

“ನಿನ್ನ ವಯಸ್ಸೇನಪ್ಪ?” ಎಂದ ಮಗ.

“ಚಿತ್ರದಲ್ಲಿ ಗೊತ್ತಾಗಲ್ವಾ?”

“ಮಾನ ಮರ್ಯಾದೆ ಏನಾದ್ರೂ ಇದೆಯಾ?”

“ಇದೆ. ಅಲ್ಲಿ ಹೋದ ತಕ್ಷಣ ಬಿಚ್ಚಿ ಹ್ಯಾಂಗರಿಗೆ ಹಾಕ್ತೀನಿ. ಬರೋವಾಗ ಹಾಕ್ಕೊಂಡು ಬರ್ತೀನಿ. ಇವತ್ತಿನವರೆಗೆ ಒಂದು ಗುಂಡೀನೂ ಕಳೆದಿಲ್ಲ.”

ಬೀಗರು ಗಂಟಲು ಸರಿಮಾಡಿಕೊಂಡರು. “ಸಮಾಜಕ್ಕೆ ಯಾವ ಸಂದೇಶ ಹೋಗುತ್ತೆ ಅಂತ ಯೋಚನೆ ಮಾಡಿದ್ರಾ ಬೀಗರೇ? ಅದೂ ಎಳೆ ಹುಡುಗಿಯರ ಮುಂದೆ!”

“ಆ ಹುಡುಗಿಯರು ನನ್ನ ಮೊಣಕಾಲನ್ನ ಮೂರು ಸಲ ಅಳಿಸಿ ಬರೆದ್ರು ಬೀಗರೇ. ಸರಿ ಬರ್ಲಿಲ್ಲ ಅಂತ ಒಬ್ಬಳು ಅತ್ತೇಬಿಟ್ಲು. ಸಂದೇಶ ಗಿಂದೇಶಕ್ಕೆ ಪಾಪ ಪುರುಸೊತ್ತೆಲ್ಲಿ?”

ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಅಳುತ್ತಾಳೆಂದು ಎಲ್ಲರೂ ಕಾಯುತ್ತಿದ್ದರು. ಅವಳು ಅಳಲಿಲ್ಲ, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮಗ ಹೋಗಿ ಪ್ರಿನ್ಸಿಪಾಲರ ಹತ್ತಿರ ಕೂಗಾಡಿದ. ಪ್ರಿನ್ಸಿಪಾಲರು ತಮ್ಮ ಕೋಣೆಯ ಕಿಟಕಿಯದೇ ಹಸಿರು ಪರದೆ ಕಿತ್ತು ಚಿತ್ರಕ್ಕೆ ಸೊಂಟದಿಂದ ಕೆಳಗೆ ಕಟ್ಟಿಸಿದರು. ಅಲ್ಲಿಯವರೆಗೆ ಗ್ಯಾಲರಿಗೆ ಬರುತ್ತಿದ್ದವರು ಚಿತ್ರ ಬರೆಯುವವರು ಮತ್ತು ಬಿಸಿಲಿಗೆ ಒಳಬಂದವರು. ಪರದೆ ಬಿದ್ದದ್ದೇ ತಡ, ಊರೇ ಬಂತು. ಸಾಲಾಗಿ ಬಂದು ಒಬ್ಬೊಬ್ಬರೇ ಎತ್ತಿ ನೋಡಿ, “ಛೆ ಛೆ” ಎಂದು ಬಿಟ್ಟು ಹೋದರು. ವಾರ ಕಳೆಯುವಷ್ಟರಲ್ಲಿ ಪರದೆಯ ಒಂದು ಮೂಲೆ ಬೆರಳ ಕೊಳೆಗೆ ಕಪ್ಪಾಯಿತು.

ಜನ ಕಡಿಮೆಯಾಗುವ ಹೊತ್ತು ನೋಡಿ ದೊಡ್ಡಮ್ಮ ನನ್ನನ್ನು ಕರೆದಳು. “ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು. ಯಾರಿಗೂ ಹೇಳ್ಬೇಡ.”

ನಾವು ಒಳಗೆ ಹೋದಾಗ ಚಿತ್ರದ ಮುಂದೆ ಒಬ್ಬರೇ ಒಬ್ಬರು ಬಾಗಿ ನಿಂತಿದ್ದರು. ಕೈಯಲ್ಲಿ ಪರದೆಯ ಕೊನೆ, ಮೂಗಿನ ಮೇಲೆ ಓದುವ ಕನ್ನಡಕ. ನಮ್ಮ ಬೀಗರು. ಹೆಜ್ಜೆ ಸದ್ದಿಗೆ ತಿರುಗಿ, ಬಿಸಿ ಪಾತ್ರೆ ಮುಟ್ಟಿದವರಂತೆ ಪರದೆ ಕೈಬಿಟ್ಟರು.

“ಆಕ್ಷೇಪಣೆ ಬರೀಬೇಕಲ್ಲಮ್ಮ, ಅದಕ್ಕೆ ಪರಿಶೀಲನೆ...”

“ಮುಗೀತಾ?” ಎಂದಳು ದೊಡ್ಡಮ್ಮ.

“ಇನ್ನೂ ಸ್ವಲ್ಪ...” ಎಂದವರು ನಾಲಿಗೆ ಕಚ್ಚಿಕೊಂಡು ಬಾಗಿಲ ಕಡೆ ನಡೆದರು.

ದೊಡ್ಡಮ್ಮ ಪರದೆಯನ್ನು ಎತ್ತಲಿಲ್ಲ, ಗಂಟು ಬಿಚ್ಚಿ ಕೆಳಗಿಳಿಸಿದಳು. ಮಡಚಿ ಬೆಂಚಿನ ಮೇಲಿಟ್ಟು, ಎದುರಿಗೆ ಕೂತಳು. ತುಂಬಾ ಹೊತ್ತು ನೋಡಿದಳು. ಎದ್ದು ಹತ್ತಿರ ಹೋದಳು. ಎಡ ತೊಡೆಯ ಮೇಲೆ ಟೀಚರ್ ಬರೆದಿದ್ದ ಉದ್ದನೆಯ ಬಿಳಿ ಗೆರೆಯ ಮುಂದೆ ಬೆರಳು ಹಿಡಿದು, “ಇದೇನೇ ಇದು?” ಎಂದಳು.

“ಹಳೇ ಗಾಯ ಇರ್ಬೇಕು ದೊಡ್ಡಮ್ಮ.”

“ಯಾವಾಗಿನದು?”

ನನಗೇನು ಗೊತ್ತು? ಅವಳ ಮುಖ ಆಗ ಬಿಗಿದುಕೊಂಡಿತು. ಗಂಡ ಬೆತ್ತಲೆ ಕೂತದ್ದಕ್ಕೆ ಬರದ ಕೋಪ, ನಾಲ್ಕು ಬೆರಳುದ್ದದ ಆ ಕಲೆಗೆ ಬಂತು.

ಮನೆಗೆ ಬಂದವಳೇ ದೊಡ್ಡಪ್ಪನ ಮುಂದೆ ನಿಂತಳು. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ತೆರೆದು ಕೂತು ಒಂದು ಸಾಲೂ ಓದಲಿಲ್ಲ.

“ನಿಮ್ಮ ತೊಡೆ ಮೇಲೆ ಅದೇನು ಗಾಯ?”

“ಚಿಕ್ಕೋನಿದ್ದಾಗ ಗೋಡೆ ಹಾರೋವಾಗ ತಂತಿ ಗೀರಿದ್ದು. ಯಾಕೆ?”

“ಊರಿನ ಹುಡುಗರಿಗೆಲ್ಲ ಗೊತ್ತು. ಆ ಟೀಚರಿಗೆ ಗೊತ್ತು. ನಿಮ್ಮ ಬೀಗರಿಗೂ ಗೊತ್ತಾಯ್ತು, ಕನ್ನಡಕ ಹಾಕ್ಕೊಂಡು ನೋಡಿದ್ರು. ನನಗೆ ಗೊತ್ತಿಲ್ಲ! ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳು ನಾನಾ, ಅವರಾ?”

“ನೀನು ಯಾವತ್ತೂ ಕೇಳ್ಲಿಲ್ವಲ್ಲೇ.”

“ಕಾಣದೇ ಇದ್ದದ್ದನ್ನ ಕೇಳೋದು ಹೇಗೆ? ಲೈಟ್ ಆರಿಸ್ತಿದ್ದೋರು ಯಾರು?”

“ಕಣ್ಣು ಮುಚ್ಕೊಂಡಿದ್ದೋಳಿಗೆ ಲೈಟ್ ಯಾಕೆ ಅಂತ...”

ಮಂಚ ಕಿರುಗುಟ್ಟಿತು. ಆಮೇಲೆ ದೊಡ್ಡಮ್ಮನ ದನಿ, ಮೊದಲಿಗಿಂತ ಮೆತ್ತಗೆ: “ನಿಮ್ಮ ಬೆನ್ನು, ಭುಜ ಎಲ್ಲಾ ಚೆನ್ನಾಗೇ ಇದೆ. ಯಾರೂ ನನಗೆ ಹೇಳಿರ್ಲಿಲ್ಲ.” ಮತ್ತೆ, “ವಯಸ್ಸಿನಲ್ಲಿ ಇನ್ನೂ ಚೆನ್ನಾಗಿತ್ತೇನೋ. ವ್ಯರ್ಥ ಆಗೋಯ್ತು,” ಎಂದಳು. ದೊಡ್ಡಪ್ಪ ಅದಕ್ಕೆ ಏನು ಹೇಳಿದರೋ ಕೇಳಿಸಲಿಲ್ಲ. ಬಾಗಿಲು ಹಾಕಿಕೊಂಡಿತು. ಸೂರ್ಯ ಇನ್ನೂ ಮುಳುಗಿರಲಿಲ್ಲ.

ಮಗ ಒಂದೆರಡು ತಿಂಗಳು ಮನೆಗೆ ಬರಲಿಲ್ಲ. ಬಂದಾಗ ಹಾಲಿನಲ್ಲಿ ಅಪ್ಪ ಅಮ್ಮ ಒಂದೇ ಸೋಫಾದಲ್ಲಿ ಅಂಟಿಕೊಂಡು ಕೂತದ್ದನ್ನು ಕಂಡು, ಆ ಚಿತ್ರಕ್ಕಿಂತ ಹೆಚ್ಚು ಗಾಬರಿಯಾದ. “ಅಮ್ಮ, ಜನ ನೋಡಿದ್ರೆ?” ಎಂದು ಪಿಸುಗುಟ್ಟಿದ. ಅಪ್ಪ ಅಮ್ಮನ ಪಕ್ಕದಲ್ಲಿ ಕೂರಬಹುದು ಎಂಬುದೇ ಅವನಿಗೆ ಹೊಳೆದಿರಲಿಲ್ಲ. ತಾನು ಹೇಗೆ ಹುಟ್ಟಿದೆ ಎಂದುಕೊಂಡಿದ್ದನೋ, ನಾನು ಕೇಳಲು ಹೋಗಲಿಲ್ಲ. ಈಗ ಯಾರಾದರೂ ವಿಚಾರಿಸಿದರೆ, “ನಮ್ಮ ತಂದೆ ಶಿಕ್ಷಣ ಕ್ಷೇತ್ರದಲ್ಲಿದ್ದಾರೆ,” ಎನ್ನುತ್ತಾನೆ. ಬೀಗರ ಆಕ್ಷೇಪಣೆ ಕೊನೆಗೂ ಬರಲೇ ಇಲ್ಲ. ವಯಸ್ಸಾದ ಬೇರೆ ಗಂಡಸರೂ ಬೇಕಾಗುತ್ತಾರೋ ಎಂದು ಅವರು ಟೀಚರನ್ನು ವಿಚಾರಿಸಿದ್ದರಂತೆ, ‘ಬರೀ ತಿಳಿದುಕೊಳ್ಳುವ ಸಲುವಾಗಿ’. ಟೀಚರ್ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಸದ್ಯಕ್ಕೆ ಬೇಡ ಎಂದರಂತೆ. ಅವರ ಉಪನ್ಯಾಸ ಆ ವರ್ಷ ಇನ್ನಷ್ಟು ಕಟುವಾಯಿತು.

ದೊಡ್ಡಪ್ಪ ಮಂಡಿ ನೋವು ಬರುವವರೆಗೂ ಶಾಲೆಗೆ ಹೋದರು. ಜೊತೆಗೆ ದೊಡ್ಡಮ್ಮನೂ. ತರಗತಿಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಬಟಾಣಿ ಬಿಡಿಸುತ್ತ ಕೂತಿರುತ್ತಿದ್ದಳು. ನಡುವೆ ಎದ್ದು ಮಕ್ಕಳ ಬೆನ್ನ ಹಿಂದೆ ಸುತ್ತು ಹಾಕುತ್ತಿದ್ದಳು. ಒಮ್ಮೆ ನಾನು ಹೋದಾಗ ಒಬ್ಬ ಹುಡುಗನ ಹಾಳೆಯ ಮುಂದೆ ನಿಂತು ಜಗಳವಾಡುತ್ತಿದ್ದಳು.

“ಇಲ್ಲೊಂದು ಮಚ್ಚೆ ಇದೆ, ಯಾಕೆ ಬಿಟ್ಟೆ?”

“ಇಲ್ಲಿಂದ ಕಾಣಲ್ಲ ಅಜ್ಜಿ.”

“ಕಾಣದಿದ್ರೆ ಎದ್ದು ಹೋಗಿ ನೋಡಿ ಬರೀಬೇಕು! ರೀ, ಸ್ವಲ್ಪ ಆ ಕಡೆ ತಿರುಗಿ.”

ವೇದಿಕೆಯ ಮೇಲೆ ದೊಡ್ಡಪ್ಪ ಹೇಳಿದ ಹಾಗೆ ತಿರುಗಿದರು.