ಸೂಜಿ ಕಾಕಾ

ಅಪ್ಪನ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಮೀಸೆಯ ಅಂಚಿನಲ್ಲಿ, ಕಿವಿಯ ಸಂದಿಯಲ್ಲಿ, ಅಂಗಿಯ ಕಾಲರಿನ ಮಡಿಕೆಯಲ್ಲಿ, ಎಲ್ಲೆಲ್ಲೂ ಹತ್ತಿ. ನಮ್ಮದು ಲಕ್ಷ್ಮೇಶ್ವರದ ಪಿಂಜಾರರ ಮನೆತನ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಮುತ್ತಜ್ಜನ ಕಾಲದಿಂದ ಬಂದ ಕಸುಬು. ಅಪ್ಪನದು ಮಾತು ಕಡಿಮೆ. ಗಿರಾಕಿಗಳು ಅವಸರ ಮಾಡಿದರೆ, "ದಣಿದ ಮೈ ಇಡೂ ಜಾಗ ಐತ್ರಿ ಇದು. ಗಡಿಬಿಡಿ ಮಾಡಬಾರದು" ಎಂದಷ್ಟೇ ಹೇಳಿ ಮತ್ತೆ ದಬ್ಬಣ ಎತ್ತಿಕೊಳ್ಳುತ್ತಿದ್ದ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಜ್ವರ ಬಂತು, ಬಿಡಲೇ ಇಲ್ಲ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ, ಕಾಲ ಮೇಲೆಲ್ಲ ನೀಲಿ ಕಲೆಗಳು. ಗದಗಿನ ಡಾಕ್ಟರು ರಕ್ತದ ವರದಿ ನೋಡಿ, ಮನೆಗೂ ಹೋಗದೆ ನೇರವಾಗಿ ಹುಬ್ಬಳ್ಳಿಗೆ ಹೊರಡಿ ಎಂದರು. ರಕ್ತದ ಕ್ಯಾನ್ಸರು. ಅವ್ವ ಆಗ ಏಳು ತಿಂಗಳ ಬಸುರಿ. ಹಾಗಾಗಿ ಆಸ್ಪತ್ರೆಯಲ್ಲಿ ನನ್ನ ಜೊತೆ ಉಳಿದವನು ಅಪ್ಪ. ಮಕ್ಕಳ ವಾರ್ಡಿನಲ್ಲಿ ಪ್ರತಿ ಮಂಚದ ಪಕ್ಕದಲ್ಲೂ ಒಬ್ಬೊಬ್ಬ ತಾಯಿ. ಗಂಡಸು ಅವನೊಬ್ಬನೇ.

ಮೊದಲ ವಾರವೇ ಡಾಕ್ಟರು ಅಪ್ಪನನ್ನು ಕರೆದು, ಈ ಔಷಧ ನಡೆಯುವಷ್ಟು ಕಾಲ ಹುಡುಗಿಗೆ ಧೂಳು ಸೋಕಬಾರದು ಎಂದರು. ಅಪ್ಪ ಕೇಳಿದ್ದು ಒಂದೇ ಮಾತು. "ಹತ್ತಿ ಧೂಳಾದ್ರೂ ಅಷ್ಟ ಏನ್ರಿ?"

"ಅದಂತೂ ಬ್ಯಾಡರಿ" ಎಂದರು ಅವರು.

ಅಪ್ಪ ಅಂದೇ ಊರಿಗೆ ಹೇಳಿ ಕಳಿಸಿ ಹಿಂಜುವ ಮಷೀನನ್ನು ಮನೆಯಿಂದ ತೆಗೆಸಿದ. ಮುಂದೆ ಬಾಳೆಹಣ್ಣಿನ ಗಾಡಿ ತಳ್ಳಿದ. ಮತ್ತೆ ಜೀವಮಾನದಲ್ಲಿ ಗಾದಿ ಹೊಲಿಯಲಿಲ್ಲ.

ಆ ಚಿಕಿತ್ಸೆಯಲ್ಲಿ ನಮಗೆಲ್ಲ ಅತಿ ಭಯದ್ದು ಬೆನ್ನಿನ ಸೂಜಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಮೊಣಕಾಲು ಎದೆಗೆ ಹತ್ತುವ ಹಾಗೆ ಮಡಚಿ, ಸ್ವಲ್ಪವೂ ಅಲುಗದಂತೆ ಹಿಡಿಯಬೇಕು. ಅಲುಗಿದರೆ ಮತ್ತೆ ಚುಚ್ಚಬೇಕಾಗುತ್ತದೆ. ಅಪ್ಪ ನನ್ನನ್ನು ಹಿಡಿದು ಕಿವಿಯಲ್ಲಿ ಮೆಲ್ಲಗೆ ಬಸ್ಸು ಬಿಡುತ್ತಿದ್ದ. "ಲಕ್ಷ್ಮೇಶ್ವರ ಬಿಟ್ವಿ. ಶಿರಹಟ್ಟಿ ಬಂತು. ಸೊರಟೂರ ದಾಟಿತು. ಹಾಂ, ಗದಗ ಬಂತವಾ, ಇಳಿ." ಗದಗ ಬರುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು.

ಪಕ್ಕದ ಮಂಚದಲ್ಲಿ ಮುಂಡರಗಿಯ ಹುಡುಗಿಯೊಬ್ಬಳಿದ್ದಳು, ನನಗಿಂತ ಎರಡು ವರ್ಷ ಚಿಕ್ಕವಳು. ಮಗಳು ಚೀರಿದ ಕೂಡಲೇ ಅವಳ ತಾಯಿ ಹಿಡಿದ ಕೈ ಬಿಟ್ಟುಬಿಡುತ್ತಿದ್ದಳು. ಒಂದು ದಿನ ಆಕೆ, "ಅಣ್ಣಾರ, ನನ್ನ ಕೈಲೆ ಆಗೂದಿಲ್ರಿ. ನೀವರ ಹಿಡೀರಿ" ಎಂದಳು. ಅಪ್ಪ ಹಿಡಿದ. ಆಮೇಲೆ ಇನ್ನೊಬ್ಬ ತಾಯಿ ಕೇಳಿದಳು, ಮತ್ತೊಬ್ಬಳು ಕೇಳಿದಳು. ಕೊನೆಗೆ ನರ್ಸ್ ಬಾಯಿಯೇ ಕರೆಯತೊಡಗಿದರು. ಚುಚ್ಚುವ ಡಾಕ್ಟರು ಬೆನ್ನ ಹಿಂದೆ ಇರುತ್ತಿದ್ದರು, ಮಕ್ಕಳ ಕಣ್ಣಿಗೆ ಕಾಣುತ್ತಿದ್ದದ್ದು ಅಪ್ಪನ ಮುಖ ಮಾತ್ರ. ಮಕ್ಕಳೇ ಅವನಿಗೆ ಸೂಜಿ ಕಾಕಾ ಎಂದು ಹೆಸರಿಟ್ಟರು. ಅವನು ಬಾಗಿಲಲ್ಲಿ ಕಾಣಿಸಿದರೆ ಸಾಕು, ಮೂರ್ನಾಲ್ಕು ಮಕ್ಕಳು ಒಟ್ಟಿಗೆ ಅಳುತ್ತಿದ್ದವು. ಊರಲ್ಲಿ ಓಣಿಯ ಕೂಸುಗಳನ್ನೆಲ್ಲ ಹತ್ತಿಯ ರಾಶಿಯ ಮೇಲೆ ಕುಣಿಯಲು ಬಿಡುತ್ತಿದ್ದ ಮನುಷ್ಯ ಅವನು.

ಮುಂಡರಗಿಯ ಹುಡುಗಿ ಉಳಿಯಲಿಲ್ಲ. ಒಂದು ಬೆಳಿಗ್ಗೆ ನಾನು ಎದ್ದಾಗ ಆ ಮಂಚಕ್ಕೆ ಹೊಸ ಚಾದರ ಹಾಸಿದ್ದರು. ಅವಳ ತಾಯಿ ಗಂಟು ಹಿಡಿದುಕೊಂಡು ಅಪ್ಪನ ಮುಂದೆ ನಿಂತಳು. "ಮೊನ್ನೆ ನಿಮ್ಮ ಕೈಯಾಗ ಅತ್ತಿದ್ದ ಕಡೀದಾತ್ರಿ ಅಣ್ಣಾರ. ಆಮ್ಯಾಲೆ ಆಕಿ ಅಳಲೇ ಇಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆಕೆ ಹೋದ ಮೇಲೆ ಅಪ್ಪ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆಯುತ್ತ ನಿಂತ. ಅಷ್ಟರಲ್ಲಿ ನರ್ಸ್ ಬಾಯಿ ಕರೆದರು.

"ಅಪ್ಪಾರ, ಬಾಗಲದ ಕಡೆ ಕೂಸಿಗೆ ಇವತ್ತ ಸೂಜಿ ಐತಿ. ಬರ್ತೀರೇನ್ರಿ? ಬ್ಯಾಡಂದ್ರ ಬಿಡ್ರಿ."

"ಬಂದೆ ತಡೀರಿ" ಎಂದು ಕೈ ಒರೆಸಿಕೊಂಡು ಹೋದ.

ನಾನು ಅಂದಿನಿಂದ ಮಾತು ಬಿಟ್ಟೆ. ಹಟ ಮಾಡಿದ್ದಲ್ಲ, ಬಾಯಿಂದ ಮಾತೇ ಹೊರಡಲಿಲ್ಲ. ಹದಿನೈದು ದಿನ ಯಾರು ಏನು ಕೇಳಿದರೂ ತಲೆಯಾಡಿಸಿದೆ ಅಷ್ಟೆ. ಅಪ್ಪ ಒತ್ತಾಯ ಮಾಡಲಿಲ್ಲ. ಪಕ್ಕದಲ್ಲಿ ಕೂತು ಮೋಸಂಬಿ ಬಿಡಿಸಿ ಒಂದೊಂದೇ ತೊಳೆ ಕೈಗಿಡುತ್ತಿದ್ದ.

ಹದಿನಾರನೆಯ ದಿನ ಆ ಖಾಲಿ ಮಂಚಕ್ಕೆ ಶಿರಹಟ್ಟಿಯ ಹುಡುಗಿಯೊಬ್ಬಳು ಬಂದಳು. ಬಂದ ದಿನವೇ ಉಳಿದ ಮಕ್ಕಳು ಅವಳ ಕಿವಿ ತುಂಬಿದ್ದರು. ಮಧ್ಯಾಹ್ನ ಅವಳು ನನ್ನ ಕಡೆ ಬಾಗಿ, "ಆ ಸೂಜಿ ಕಾಕಾ ಯಾರು? ನಿಮ್ಮ ಮನ್ಯಾಂವಾ?" ಎಂದು ಕೇಳಿದಳು.

"ಅಲ್ಲ. ಯಾರೋ ಏನೋ, ನನಗ ಗೊತ್ತಿಲ್ಲ" ಎಂದೆ.

ಹೇಳಿ ಕತ್ತು ತಿರುಗಿಸಿದರೆ ಊಟದ ಡಬ್ಬಿ ಹಿಡಿದುಕೊಂಡು ಅಪ್ಪ ನಿಂತಿದ್ದ. ನನ್ನನ್ನು ಒಂದು ಕ್ಷಣ ನೋಡಿದ. ಡಬ್ಬಿಯನ್ನು ಮಂಚದ ಮೇಲಿಟ್ಟು, ಹೊರಗಿನವರೊಡನೆ ಮಾತಾಡುವ ದನಿಯಲ್ಲಿ, "ತಗೋವಾ, ನಿಮ್ಮಪ್ಪ ಊಟ ಕೊಟ್ಟು ಹೋಗ್ಯಾನ. ಆರೂದ್ರಾಗ ಉಣ್ಣಬೇಕಂತ" ಎಂದು ಹೇಳಿ ಹೊರಟು ಹೋದ. ಆ ಹುಡುಗಿ ಮೂರು ದಿನ ಇದ್ದು ಊರಿಗೆ ಹೋದಳು. ಮೂರು ದಿನವೂ ಅಪ್ಪ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತ. ಒಳಗೆ ಬಂದಾಗಲೆಲ್ಲ ಪರಕೀಯನಂತೆಯೇ ಬಂದ.

ನಾನು ಬದುಕಿದೆ. ಎರಡೂವರೆ ವರ್ಷ ಔಷಧ ನಡೆಯಿತು, ಕೂದಲು ಬಂತು, ಶಾಲೆಗೆ ಹೋದೆ. ಈಗ ಮುಂಡರಗಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಆದರೆ ಅಪ್ಪನನ್ನು ಗೊತ್ತಿಲ್ಲ ಎಂದ ಆ ಮಾತು ನನ್ನನ್ನು ಬಿಡಲಿಲ್ಲ. ಮದುವೆಗೆ ಮುಂಚೆ ಒಮ್ಮೆ ಧೈರ್ಯ ಮಾಡಿ, "ಅಪ್ಪಾ, ಅವತ್ತ ನಾ ಹಂಗ ಅಂದಿದ್ದು ನಿನಗ ಕೇಳಿಸಿತ್ತಲ್ಲ?" ಎಂದೆ. ಅವನು ಗಾಡಿಯ ಮೇಲೆ ಹಣ್ಣು ಜೋಡಿಸುತ್ತಿದ್ದ. "ಆಸ್ಪತ್ರಿ ಮಾತು ಅಲ್ಲೇ ಬಿಟ್ಟು ಬಂದೀನವಾ" ಎಂದ. ನೋವು ಇನ್ನೂ ಆರಿಲ್ಲ, ಅದಕ್ಕೇ ಮಾತು ಬೇಡವಾಗಿದೆ ಎಂದುಕೊಂಡೆ.

ಹೋದ ಚಳಿಗಾಲದಲ್ಲಿ, ಬೆಳಗಿನ ನಮಾಜಿಗೆ ಹೊರಟ ಅಪ್ಪ ಹೊಸ್ತಿಲಲ್ಲೇ ಕುಸಿದ. ಗದಗಿನ ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಮೂರನೆಯ ದಿನ ಬಂದವರೆಲ್ಲ ಹೋದ ಮೇಲೆ ಅವ್ವನ ಎದುರು ಎಲ್ಲವನ್ನೂ ಹೇಳಿಕೊಂಡು ಅತ್ತೆ. ಶಿರಹಟ್ಟಿಯ ಹುಡುಗಿ, ನಾನು ಅಂದದ್ದು, ಅಪ್ಪ ನೋಡಿದ್ದು. ಅವ್ವನಿಗೆ ಆ ದಿನ ನೆನಪಿತ್ತು.

"ಅವತ್ತ ಸಂಜೀಕ ಬಾಜೂ ಮನಿಗೆ ಫೋನ್ ಮಾಡಿದ್ದ. ನನ್ನ ಕರಿಸಿದ. ಫೋನ್ ಹಿಡದ್ರ ಬರೇ ಅಳೂ ಸಪ್ಪಳ. ನೀ ಹೋಗೇಬಿಟ್ಟಿ ಅಂತ ತಿಳ್ಕೊಂಡೆ. ಆಮ್ಯಾಲೆ ಅಂದ, 'ಹುಡುಗಿ ಇವತ್ತ ಬಾಯಿ ಬಿಟ್ಟಳು. ದನಿ ಮೊದಲಿನಂಗ ಐತಿ' ಅಂತ."

ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಏನಂದ್ಲು ಅಂತ ಕೇಳಿದೆ ನಾ. 'ಏನರ ಅನ್ಲಿ ಬಿಡು, ಮಾತಾಡಿದಳಲ್ಲ' ಅಂದ."